ಎಡಗಡೆಯ ಸೀಟು

ಊಟದ ಮೇಜಿನ ಮೇಲೆ ನಕ್ಷೆ ಬಂದು ಮಲಗಿದ ದಿನದಿಂದ ನಮ್ಮ ತಟ್ಟೆ ಲೋಟಗಳೆಲ್ಲ ಅಂಚಿಗೆ ಸರಿದವು. ಅಣ್ಣ ತಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಒಂಬತ್ತು ಹಾಳೆಗಳಲ್ಲಿ ತೆಗೆದು, ಅಂಟಿಸಿ, ಒಂದು ಮಾಡಿ ತಂದಿದ್ದ. ಮುಕ್ಕಾಲು ಪಾಲು ಅದರಲ್ಲಿ ಏನೂ ಇರಲಿಲ್ಲ, ಬರೀ ಬಿಳಿ. ಆ ಬಿಳಿಯ ನಡುವೆ ಕೂದಲಿನಂಥ ಒಂದು ಗೆರೆ. ಅದೇ ದಾರಿ ಎಂದರು ಅಪ್ಪ.

"ಇಲ್ಲಿಂದ ಇಲ್ಲಿಗೆ ಇನ್ನೂರ ಎಂಬತ್ತು ಕಿಲೋಮೀಟರು. ಮಧ್ಯ ಒಂದು ಮನೆಯಿಲ್ಲ, ಒಂದು ಪೆಟ್ರೋಲ್ ಬಂಕಿಲ್ಲ, ಒಂದು ಸ್ಟಾಪಿಲ್ಲ."

"ಆಸ್ಪತ್ರೆ?" ಅಮ್ಮ ಕೇಳಿದಳು.

"ಆಸ್ಪತ್ರೆ ಯಾಕೆ? ನಾವು ಹೋಗೋದು ಪ್ರಾಣಿ ನೋಡೋಕೆ."

"ಪ್ರಾಣಿ ನಮ್ಮನ್ನ ನೋಡಿದ್ರೆ?"

"ನೋಡಿದ್ರೆ ನೋಡ್ಲಿ ಬಿಡಮ್ಮ," ಅಣ್ಣ ಅನ್ನ ಕಲಸುತ್ತ ಅಂದ. "ಬಡಪಾಯಿಗಳು, ಅವಕ್ಕೂ ಏನೋ ಒಂದು ರಜಾ ಬೇಡ್ವಾ."

ಅಪ್ಪ ಮೂವತ್ತೊಂದು ವರ್ಷದಿಂದ ಸಿಟಿ ಬಸ್ಸು ಓಡಿಸುತ್ತಿದ್ದರು. ಡಿಪೋದಿಂದ ನೀರಿನ ಟ್ಯಾಂಕಿನವರೆಗೆ ಹೋಗುವ ಹನ್ನೆರಡನೇ ನಂಬರು. ಕಳೆದ ಹದಿನೇಳು ವರ್ಷಗಳಿಂದ ಅದೊಂದೇ ದಾರಿ. ನಿವೃತ್ತಿಗೆ ಇನ್ನು ಏಳು ವಾರ ಉಳಿದಿತ್ತು. ಎಂದೋ ಒಬ್ಬ ಪ್ರಯಾಣಿಕ ಸೀಟಿನ ಮೇಲೆ ಬಿಟ್ಟುಹೋದ ಪತ್ರಿಕೆಯ ಒಂದು ಪುಟವನ್ನು ಅವರು ಯೂನಿಫಾರ್ಮಿನ ಕಪಾಟಿನಲ್ಲಿ ಇಟ್ಟುಕೊಂಡಿದ್ದರು. ಅದರಲ್ಲಿ ಕಡಲಾಚೆಯ ಒಂದು ದೇಶದ ಚಿತ್ರ: ಮರಳುಗಾಡಿನಲ್ಲಿ ಬಾಚಣಿಗೆಯಿಂದ ಬೈತಲೆ ತೆಗೆದಂತೆ ನೇರವಾದ ದಾರಿ, ಅದನ್ನು ದಾಟುತ್ತಿರುವ ಒಂದು ಆನೆ, ಬೇರೆ ಯಾರೂ ಇಲ್ಲ. ಆ ದೇಶದಲ್ಲಿ ಜೀಪು ಬಾಡಿಗೆಗೆ ಕೊಡುತ್ತಾರಂತೆ, ಮಾಡಿನ ಮೇಲೆ ಡೇರೆ ಇರುತ್ತದಂತೆ, ನಾವೇ ಓಡಿಸಿಕೊಂಡು ಹೋಗಬಹುದಂತೆ. ನಿವೃತ್ತಿಯ ದುಡ್ಡಿನಲ್ಲಿ ಹದಿನೆಂಟು ದಿನ.

"ಗಂಟೆ ಹೊಡೆಯೋರಿಲ್ಲ, ಚಿಲ್ಲರೆ ಕೇಳೋರಿಲ್ಲ," ಎಂದು ಅಪ್ಪ ಅನ್ನುವಾಗ ಅವರ ಮುಖ ನೋಡುವಂತಿರುತ್ತಿತ್ತು.

ಕೆಲಸ ಹಂಚಿದ್ದರು. ಓಡಿಸುವುದು ಅಪ್ಪ. ಡೇರೆ, ಒಲೆ, ಟೈರು ಅಣ್ಣನದು. ನೀರು, ಊಟ ಅಮ್ಮನದು. ದಾರಿ ಹೇಳುವುದು ನನ್ನದು; ಮುಂದೆ ಅಪ್ಪನ ಎಡಗಡೆಯ ಸೀಟಿನಲ್ಲಿ ನಕ್ಷೆ ಹಿಡಿದು ಕೂರಬೇಕು.

"ಬಾಯೇ ಇಲ್ಲದೋಳಿಗೆ ದಾರಿ ಹೇಳೋ ಕೆಲಸ," ಅಣ್ಣ ನಕ್ಕ. "ಸೂಜಿ, ಬಲಕ್ಕೋ ಎಡಕ್ಕೋ ಅಂತ ಚೀಟಿ ಬರೆದು ಕೊಡ್ತೀಯಾ?"

ನನ್ನನ್ನು ಮನೆಯಲ್ಲಿ ಸೂಜಿ ಅನ್ನುತ್ತಾರೆ. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ರಿಪೇರಿ ಮಾಡುತ್ತೇನೆ. ಎಂಟನೇ ತರಗತಿಯಲ್ಲಿದ್ದಾಗ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಳು. ಅಮ್ಮನಿಗೆ ಲಾಂಡ್ರಿಯ ಕೆಲಸ, ಯಾರಾದರೂ ಮನೆಯಲ್ಲಿರಬೇಕಿತ್ತು. ನಾನು ಉಳಿದೆ, ಶಾಲೆ ಅಲ್ಲಿಗೇ ನಿಂತಿತು.

ಅಜ್ಜಿ ಅಪ್ಪನ ತಾಯಿ. ಅವಳಿಗೆ ಕಣ್ಣು ಕಾಣುವುದಿಲ್ಲ. ನಾನು ಹುಟ್ಟುವ ಮೊದಲೇ ಪೂರ್ತಿ ಹೋಗಿತ್ತಂತೆ. ಅವಳಿಗಾಗಿ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು: ಯಾವ ವಸ್ತುವೂ ಇದ್ದ ಜಾಗ ಬಿಟ್ಟು ಸರಿಯಬಾರದು. ಮಂಚದಿಂದ ಬಚ್ಚಲಿಗೆ ಹನ್ನೊಂದು ಹೆಜ್ಜೆ. ಕುರ್ಚಿ ಗೋಡೆಗೆ ತಾಗಿರಬೇಕು. ಬಾಗಿಲು ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಮೇಜಿನ ಮೇಲೆ ನೀರಿನ ಲೋಟ ತಟ್ಟೆಯ ಮುಂದೆ, ನಡುಮಧ್ಯ. ಅತಿಥಿ ಯಾರಾದರೂ ಕುರ್ಚಿ ಎಳೆದರೆ ಅಮ್ಮ ಅವರು ಎದ್ದ ಮರುಗಳಿಗೆ ಅದನ್ನು ಹಿಂದಕ್ಕೆ ನೂಕುತ್ತಿದ್ದಳು.

ನಕ್ಷೆ ಬಂದ ಮೇಲೆ ಲೋಟಕ್ಕೆ ತಟ್ಟೆಯ ಮುಂದೆ ಜಾಗವಿರಲಿಲ್ಲ. ನಾನು ಎಡಕ್ಕೆ ಇಡತೊಡಗಿದೆ.

ಮೊದಲ ದಿನ ಅಪ್ಪನ ಮೊಣಕೈ ತಗಲಿ ಲೋಟ ಉರುಳಿತು. ಎರಡನೆಯ ದಿನವೂ ಉರುಳಿತು. ಮೂರನೆಯ ಸಲ ನೀರು ನಕ್ಷೆಯ ಮೇಲೆ ಹರಿದು, ಪ್ರಾಣಿಗಳು ನೀರು ಕುಡಿಯಲು ಬರುವ ಹೊಂಡಗಳ ಮೇಲೆಲ್ಲ ನಿಂತಿತು.

"ಯಾರು ಇಲ್ಲಿ ಇಟ್ಟಿದ್ದು ಇದನ್ನ?"

"ನಾನು, ಅಪ್ಪ."

"ನೋಡಿ ಇಡೋಕಾಗಲ್ವಾ?"

"ಕೊನೇಗೂ ಹೊಂಡಕ್ಕೆ ನೀರು ಬಂತಲ್ಲಪ್ಪ," ಅಂದ ಅಣ್ಣ. ಅಪ್ಪನೂ ನಕ್ಕುಬಿಟ್ಟರು. ಅಮ್ಮ ನಗಲಿಲ್ಲ. ಬಟ್ಟೆ ತಂದು ಒರೆಸಿ, ಲೋಟವನ್ನು ಎತ್ತಿ ನಕ್ಷೆಯ ಮೇಲೇ, ಅಪ್ಪನ ಮೂಗಿನ ನೇರಕ್ಕೆ ಇಟ್ಟಳು. ಮಂಚದ ಮೇಲೆ ಅಜ್ಜಿ ಅಗಿಯುವುದನ್ನು ನಿಲ್ಲಿಸಿ ಮುಖ ಈಚೆ ತಿರುಗಿಸಿ ಕೂತಿದ್ದಳು.

ಮರುದಿನ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ನಾನು ಅವಳ ತಲೆ ಬಾಚುತ್ತಿದ್ದೆ.

"ನಿನ್ನಪ್ಪನ ಕೈ ಲೋಟ ಹುಡುಕುತ್ತೆ," ಅಂದಳು.

"ಏನಜ್ಜಿ?"

"ಮೇಜಿನ ಮೇಲೆ ಬೆರಳು ತಡಕಾಡೋ ಸದ್ದು. ನನಗೆ ಆ ಸದ್ದು ಚೆನ್ನಾಗಿ ಗೊತ್ತು ಕಣೆ. ಎರಡು ವರ್ಷ ನಾನೂ ಅದೇ ಸದ್ದು ಮಾಡ್ಕೊಂಡು ಇದ್ದೆ, ಯಾರಿಗೂ ಹೇಳದೆ. ಮೊದಲು ಪಕ್ಕದ್ದು ಹೋಗುತ್ತೆ. ಮುಂದಿನದು ಚೆನ್ನಾಗೇ ಕಾಣುತ್ತೆ, ಅಕ್ಷರಾನೂ ಓದಬಹುದು. ಅದಕ್ಕೇ ಗೊತ್ತಾಗಲ್ಲ. ಕಿಟಕಿ ಇದ್ದದ್ದು ಕಿಂಡಿ ಆಗುತ್ತೆ, ಆಮೇಲೆ ತೂತು."

ಬಾಚಣಿಗೆ ನನ್ನ ಕೈಯಲ್ಲೇ ನಿಂತಿತು.

"ಅಪ್ಪನಿಗೆ ವರ್ಷಾ ವರ್ಷಾ ಕಣ್ಣು ಪರೀಕ್ಷೆ ಮಾಡ್ತಾರಜ್ಜಿ, ಡಿಪೋದಲ್ಲಿ."

"ಗೋಡೆ ಮೇಲಿನ ಅಕ್ಷರ ಓದಿಸ್ತಾರೆ, ಅಷ್ಟೇ ತಾನೆ? ಅಕ್ಷರ ಪಕ್ಕದಿಂದ ಓಡಿ ಬರುತ್ತಾ?" ಅಜ್ಜಿ ನನ್ನ ಮಣಿಕಟ್ಟು ಹಿಡಿದಳು. "ನನಗೆ ಕೇಳಿಸಿದ್ದು ಸುಳ್ಳಾದ್ರೆ ಸಾಕು. ನೀನು ಅವನ ಎಡಗಡೆ ಸುಮ್ಮನೆ ನಿಂತ್ಕೊಂಡು ನೋಡು. ಸದ್ದು ಮಾಡಬೇಡ. ನಿನಗೇನು, ಅದು ಬರುತ್ತಲ್ಲ."

ಆ ಸಂಜೆ ಅಪ್ಪ ದಾರದಿಂದ ನಕ್ಷೆಯ ದಾರಿಯನ್ನು ಅಳೆಯುತ್ತ ಕೂತಿದ್ದರು. ನಾನು ಚಪ್ಪಲಿ ಬಿಟ್ಟು ಅವರ ಎಡಗಡೆ ಹೋಗಿ ನಿಂತೆ. ಒಂದು ಮೊಳದ ದೂರ. ಅವರ ಕಿವಿಯ ಮೇಲಿನ ಬಿಳಿ ಕೂದಲು ಕಾಣುತ್ತಿತ್ತು. ಕೈ ಎತ್ತಿದೆ, ಇಳಿಸಿದೆ. ಮತ್ತೆ ಎತ್ತಿ ಬೆರಳಾಡಿಸಿದೆ.

ಅಪ್ಪ ಅಡುಗೆಮನೆಯ ಕಡೆ ಕೂಗಿದರು: "ಏನೇ, ಸೂಜಿ ಎಲ್ಲಿ ಹೋದ್ಲು? ಇನ್ನೊಂದು ಉಂಡೆ ದಾರ ಬೇಕಿತ್ತು."

ಹೆಜ್ಜೆ ಹಿಂದಿಟ್ಟು ಬಾಗಿಲವರೆಗೆ ಹೋಗಿ, ಅಲ್ಲಿಂದ ಆಗಷ್ಟೇ ಬಂದವಳಂತೆ ಸದ್ದು ಮಾಡಿಕೊಂಡು ಬಂದು ದಾರ ಕೊಟ್ಟೆ.

ಆಮೇಲೆ ನನಗೆ ಮರಳುಗಾಡಿನ ಭಯ ಉಳಿಯಲಿಲ್ಲ. ಅದು ಇನ್ನೂ ಎರಡು ತಿಂಗಳು ದೂರವಿತ್ತು. ಬಸ್ಸು ದಿನಾ ಬೆಳಿಗ್ಗೆ ಆರಕ್ಕೆ ಹೊರಡುತ್ತಿತ್ತು. ಅಪ್ಪ ಮೆಟ್ಟಿಲಿಳಿಯುವ ಸದ್ದು ಕೇಳಿದ ಕೂಡಲೇ ಕಿಟಕಿಗೆ ಹೋಗಿ ಅವರು ರಸ್ತೆ ದಾಟುವವರೆಗೆ ನೋಡುತ್ತಿದ್ದೆ. ಮಧ್ಯಾಹ್ನ ಎರಡೂವರೆಗೆ ಅದೇ ಸದ್ದು ಮೇಲೆ ಬರುವವರೆಗೆ ಕಿವಿ ಬಾಗಿಲ ಕಡೆಗೇ ಇರುತ್ತಿತ್ತು. ಯಂತ್ರ ತುಳಿಯುತ್ತ ತುಳಿಯುತ್ತ ನಿಲ್ಲಿಸಿ, ನನ್ನದೇ ಕೈಯನ್ನು ಕಿವಿಯ ಪಕ್ಕ ಹಿಡಿದು ಕಾಣುತ್ತದೆಯೇ ನೋಡಿಕೊಳ್ಳುತ್ತಿದ್ದೆ. ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಹಿಡಿಯುತ್ತಿದ್ದೆ.

ಶುಕ್ರವಾರ ಅಂಗಿಯ ಗುಂಡಿ ತರುವ ನೆಪ ಹೇಳಿ ಹನ್ನೆರಡನೇ ನಂಬರು ಹತ್ತಿ ಅಪ್ಪನ ಹಿಂದಿನ ಸೀಟಿನಲ್ಲಿ ಕೂತೆ. ಬಸ್ಸು ಎಣ್ಣೆ ಹಚ್ಚಿದಂತೆ ಹೋಗುತ್ತಿತ್ತು. ರಸ್ತೆಯ ಹಳ್ಳ ಬರುವ ಮೊದಲೇ ನಿಧಾನವಾಗುತ್ತಿತ್ತು, ಉಬ್ಬು ಬರುವ ಮೊದಲೇ ಗೇರು ಬದಲಾಗುತ್ತಿತ್ತು. ಸ್ಟಾಪು ಬಂದರೆ ಬಾಗಿಲು ಸರಿಯಾಗಿ ಸ್ಟಾಪಿನ ಕಂಬದ ಮುಂದೆ. ನನಗೇ ನಾಚಿಕೆಯಾಯಿತು. ಅಜ್ಜಿಯ ಮಾತು ಕೇಳಿ ಅಪ್ಪನನ್ನು ಪರೀಕ್ಷೆ ಮಾಡಲು ಬಂದೆನಲ್ಲ ಅನ್ನಿಸಿತು.

ಆಮೇಲೆ ಮಾರ್ಕೆಟ್ ಬಂತು. ಅಲ್ಲಿ ಚರಂಡಿ ಅಗೆಯುತ್ತಿದ್ದುದರಿಂದ ಸ್ಟಾಪನ್ನು ಮೂವತ್ತು ಹೆಜ್ಜೆ ಮುಂದಕ್ಕೆ ಸರಿಸಿದ್ದರು. ತಗಡಿನ ಚಪ್ಪರ, ಅದರ ಕೆಳಗೆ ಹದಿನೈದಿಪ್ಪತ್ತು ಜನ. ಅಪ್ಪ ಹಳೆಯ ಜಾಗದಲ್ಲೇ, ಅಗೆದು ಹಾಕಿದ ಮಣ್ಣಿನ ಗುಡ್ಡೆಯ ಪಕ್ಕದಲ್ಲಿ, ಅಚ್ಚುಕಟ್ಟಾಗಿ ನಿಲ್ಲಿಸಿ ಬಾಗಿಲು ತೆಗೆದರು. ಎಡಗಡೆ ಕಿತ್ತಳೆ ಹಣ್ಣಿನ ಗಾಡಿಯವನು ಗಾಡಿ ಎಳೆದುಕೊಂಡು ಹಿಂದಕ್ಕೆ ಹಾರಿದ. ಎರಡು ಹಣ್ಣು ಚರಂಡಿಗೆ ಬಿದ್ದವು. ಜನ ಬೈಯುತ್ತ ಓಡಿಬಂದರು.

"ಬಾಸ್, ಸ್ಟಾಪು ಮುಂದಕ್ಕೆ ಹೋಗಿ ಐದು ದಿನ ಆಯ್ತು," ಕಂಡಕ್ಟರು ನಗುತ್ತ ಅಂದ. "ದಿನಾ ಜನರಿಗೆ ವ್ಯಾಯಾಮ ಮಾಡಿಸ್ತೀರಲ್ಲ."

"ಹೇಳೋದಲ್ವೇನಯ್ಯ ಮೊದಲೇ," ಅಂದರು ಅಪ್ಪ.

"ಸೋಮವಾರದಿಂದ ಹೇಳ್ತಾನೇ ಇದ್ದೀನಿ."

ನಾನು ಗುಂಡಿ ಕೊಳ್ಳಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದೇ ಮನೆಗೆ ಬಂದೆ. ಅಮ್ಮ ಲಾಂಡ್ರಿಯಿಂದ ಬಂದು ಆಲೂಗಡ್ಡೆ ಹೆರೆಯುತ್ತಿದ್ದಳು. ನಿಂತೇ ಹೇಳಿದೆ, ಲೋಟದಿಂದ ಹಿಡಿದು ಕಿತ್ತಳೆಯವರೆಗೆ. ನಾನು ಅಷ್ಟು ಉದ್ದ ಮಾತಾಡಿ ಎಷ್ಟು ವರ್ಷವಾಗಿತ್ತೋ.

ಅಮ್ಮ ತಲೆ ಎತ್ತಲಿಲ್ಲ. "ನನಗೆ ಗೊತ್ತು."

"ಯಾವಾಗಿಂದ?"

"ಕಳೆದ ವರ್ಷದಿಂದ. ಬಾಗಿಲ ಚೌಕಟ್ಟಿಗೆ ಹಣೆ ಹೊಡ್ಕೊಂಡು ಬಂದು, ಬಸ್ಸಿನ ಬಾಗಿಲು ತಾಗಿತು ಅಂದ್ರಲ್ಲ, ಆವತ್ತಿಂದ." ಅವಳ ಚಾಕು ನಿಲ್ಲಲಿಲ್ಲ. "ಇನ್ನು ಐದು ವಾರ. ಬಾಯಿ ಮುಚ್ಕೊಂಡಿರು. ಡಿಪೋದಲ್ಲಿ ಗೊತ್ತಾದ್ರೆ ನಿಂತ ಕಾಲಲ್ಲಿ ಇಳಿಸ್ತಾರೆ. ಇಷ್ಟು ವರ್ಷದಲ್ಲಿ ಒಂದು ಕೋಳಿಗೂ ತಗಲಿಸದೆ ಓಡಿಸಿದ ಮನುಷ್ಯ. ನಾಲ್ಕು ಜನ ಚಪ್ಪಾಳೆ ತಟ್ಟುವಾಗ ಇಳೀಲಿ. ಕಳ್ಳನ ಹಾಗೆ ಬೇಡ."

"ಮತ್ತೆ ಆ ಮರಳುದೇಶ?"

"ಅದನ್ನ ತಪ್ಪಿಸೋಕೇ ತಾನೆ ನಾನು ದಿನಾ ಒದ್ದಾಡ್ತಿರೋದು? ಹಾವು ಅಂದೆ, ನೀರು ಅಂದೆ, ಮಂಡಿ ನೋವು ಅಂದೆ. ಇನ್ನೇನಾದ್ರೂ ಹುಡುಕ್ತೀನಿ."

"ಅಮ್ಮ, ಬಸ್ಸಲ್ಲಿ ಐವತ್ತು ಜನ ಇರ್ತಾರೆ."

"ಆ ದಾರಿ ಅವರ ಕೈಗೇ ಗೊತ್ತು."

"ಸ್ಟಾಪು ಸರಿದದ್ದು ಕೈಗೆ ಗೊತ್ತಾಗಲಿಲ್ಲ."

ಅಮ್ಮ ಸಿಪ್ಪೆ ತೆಗೆದ ಆಲೂಗಡ್ಡೆಯನ್ನೇ ಮತ್ತೆ ಮತ್ತೆ ಹೆರೆಯುತ್ತ ಹೋದಳು. ಕೊನೆಗೆ ಅದು ನೆಲ್ಲಿಕಾಯಿಯಷ್ಟಾಗಿ ಕೈಯಲ್ಲಿ ಉಳಿಯಿತು. ಅದನ್ನು ನೋಡಿ, "ಹೋಗು, ಅಜ್ಜಿಗೆ ಚಹಾ ಕೊಡು," ಅಂದಳು.

ಮುಂದಿನ ಎರಡು ವಾರ ಮನೆ ತುಂಬ ಸಾಮಾನು. ಅಪ್ಪ ದಿನಕ್ಕೊಂದು ಕೆಲಸ ಹೇಳುತ್ತಿದ್ದರು. ನೀರಿನ ಕ್ಯಾನಿಗೆ ದಪ್ಪ ಬಟ್ಟೆಯ ಚೀಲ, ಸೀಟಿನ ಬೆನ್ನಿಗೆ ಹತ್ತು ಜೇಬಿನ ಪರದೆ, ದೂರದರ್ಶಕಕ್ಕೆ ಕೊರಳ ಪಟ್ಟಿ, ಎಲ್ಲ ಹೊಲಿದೆ. ಊಟದ ಹೊತ್ತಿಗೆ ಅವರು ನಮ್ಮನ್ನು ಪ್ರಶ್ನೆ ಕೇಳುತ್ತಿದ್ದರು.

"ಮರಳಲ್ಲಿ ಗಾಡಿ ಹೂತ್ರೆ?"

"ಟೈರಿನ ಗಾಳಿ ಇಳಿಸಬೇಕು," ಅಣ್ಣ ಹೇಳುತ್ತಿದ್ದ.

"ಆನೆ ಕಿವಿ ಅಗಲಿಸಿದ್ರೆ?"

"ಹಾರ್ನ್ ಮಾಡಬಾರದು, ಹಿಂದಕ್ಕೆ ತಗೋಬೇಕು."

"ಸೂರ್ಯ ಮುಳುಗೋ ಹೊತ್ತಿಗೆ?"

"ಓಡಿಸಲೇಬಾರದು. ಜಿಂಕೆ ಪಕ್ಕದಿಂದ ಹಾರುತ್ತೆ."

ಪಕ್ಕದಿಂದ ಅನ್ನುವಾಗ ಅಮ್ಮ ನನ್ನನ್ನು ನೋಡುತ್ತಿದ್ದಳು, ನಾನು ತಟ್ಟೆಯನ್ನು. ಅಜ್ಜಿ ಮಂಚದಿಂದ, "ಹದಿನೆಂಟು ದಿನ ನನ್ನನ್ನ ಮಗಳ ಮನೇಲಿ ಎಸೆದು ಹೋಗ್ತೀಯಲ್ಲೋ. ಅಲ್ಲಿ ಬಚ್ಚಲಿಗೆ ಎಷ್ಟು ಹೆಜ್ಜೆ ಅಂತ ಯಾರಿಗೆ ಗೊತ್ತು," ಎಂದು ತಕರಾರು ತೆಗೆಯುತ್ತಿದ್ದಳು.

"ನಿನಗೂ ಒಂದು ನಕ್ಷೆ ಬರೆದು ಕೊಡ್ತೀನಿ ಬಿಡಮ್ಮ," ಎನ್ನುತ್ತಿದ್ದರು ಅಪ್ಪ.

ಜೀಪು ಓಡಿಸಿ ಅಭ್ಯಾಸ ಮಾಡೋಣ ಎಂದದ್ದು ಅಣ್ಣ. ಕೆಳಗಿನ ಮನೆಯ ಮೆಕ್ಯಾನಿಕ್ ರಿಪೇರಿ ಮುಗಿದಿದ್ದ ಒಂದು ಎತ್ತರದ ಜೀಪನ್ನು ಭಾನುವಾರಕ್ಕೆ ಕೊಟ್ಟ. ಊರ ಹೊರಗೆ ಮುಚ್ಚಿಹೋದ ಇಟ್ಟಿಗೆ ಭಟ್ಟಿಯ ದೊಡ್ಡ ಬಯಲಿತ್ತು. ಅಮ್ಮ ಮಂಡಿ ನೋವೆಂದಳು, ಬಿಸಿಲೆಂದಳು. "ಫ್ಲಾಸ್ಕ್ ತಗೊಂಡು ಮರದ ಕೆಳಗೆ ಕೂತ್ಕೋ," ಎಂದು ಅಪ್ಪ ಅವಳ ಕೈಗೆ ಚಹಾದ ಫ್ಲಾಸ್ಕ್ ಕೊಟ್ಟರು.

ಅಲ್ಲಿಗೆ ಹೋದ ಮೇಲೆ ಅಣ್ಣ ಚೀಲದಿಂದ ಅಮ್ಮನ ಕಂದು ಕಂಬಳಿ ತೆಗೆದು ಬೆನ್ನಿಗೆ ಕಟ್ಟಿಕೊಂಡ. ಎರಡು ಪೊರಕೆ ಕಡ್ಡಿಗಳನ್ನು ಟೋಪಿಗೆ ಸಿಕ್ಕಿಸಿಕೊಂಡ.

"ನಾನು ಉದ್ದ ಕೊಂಬಿನ ಜಿಂಕೆ. ಮಣ್ಣಿನ ಗುಡ್ಡೆಗಳ ಹಿಂದೆ ಇರ್ತೀನಿ. ಯಾವ ಕಡೆಯಿಂದ ಬರ್ತೀನಿ ಅಂತ ಹೇಳಲ್ಲ. ಕಂಡ ಕೂಡಲೇ ಬ್ರೇಕ್ ಹಾಕಬೇಕು, ಸರೀನಾ?"

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮ, "ಬೇಡ ಕಣೋ," ಅಂದಳು. ಗಟ್ಟಿಯಾಗಿ ಅನ್ನಲಿಲ್ಲ. ನಾನಾದರೂ ಆಗ ಹೇಳಬಹುದಿತ್ತು. ಎಡಗಡೆಯ ಸೀಟಿಗೆ ಹತ್ತಿ, ನಕ್ಷೆಯನ್ನು ತೊಡೆಯ ಮೇಲೆ ಬಿಡಿಸಿಕೊಂಡು ಕೂತೆ.

ಮೊದಲ ಸಲ ಅಣ್ಣ ಎದುರಿನ ಗುಡ್ಡೆಯಿಂದ ಬಂದ. ಅವನು ಎರಡು ಹೆಜ್ಜೆ ಇಡುವಷ್ಟರಲ್ಲಿ ಜೀಪು ನಿಂತಿತ್ತು. ಎರಡನೆಯ ಸಲ ಬಲಗಡೆ, ದೂರದಿಂದ. ಅಪ್ಪ ಸ್ವಲ್ಪ ತಡವಾಗಿ ನೋಡಿದರು, ಆದರೂ ನಿಂತಿತು. "ಜಿಂಕೆಗೆ ಸೊಂಟ ಹಿಡ್ಕೊಂಡಿದೆ, ಓಡೋಕೆ ಹೇಳು," ಎಂದು ಕೂಗಿದರು. ಮೂರನೆಯ ಸಲ ವೇಗ ಹೆಚ್ಚಿತು. ಜಲ್ಲಿ ಕೆಳಗೆ ಚಟಪಟ ಸಿಡಿಯುತ್ತಿತ್ತು.

ಎಡಗಡೆಯ ಗುಡ್ಡೆಯ ಹಿಂದೆ ಪೊರಕೆ ಕಡ್ಡಿ ನನಗೆ ಕಂಡಿತು. ಆಮೇಲೆ ಕಂಬಳಿ. ಅಣ್ಣ ತಲೆ ತಗ್ಗಿಸಿ, ಅಪ್ಪ ನಿಲ್ಲಿಸುತ್ತಾರೆಂಬ ಪೂರ್ತಿ ನಂಬಿಕೆಯಿಂದ, ನಮ್ಮ ದಾರಿಗೆ ಓಡಿ ಬರುತ್ತಿದ್ದ. ನಾನು ಅಪ್ಪನನ್ನು ನೋಡಿದೆ. ಅವರು ನೇರ ಮುಂದೆ ನೋಡುತ್ತಿದ್ದರು. ಮುಖದಲ್ಲಿ ಆ ಪತ್ರಿಕೆಯ ಪುಟ ನೋಡುವಾಗಿನ ನಗು ಇತ್ತು.

ಕೂಗಬೇಕು ಅಂದುಕೊಂಡೆ. ಬಾಯಿ ತೆರೆಯಿತು, ಏನೂ ಬರಲಿಲ್ಲ. ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಹಿಡಿದು ಎಳೆದೆ.

ಜೀಪು ಅಡ್ಡ ತಿರುಗಿ, ಧೂಳೆದ್ದು, ನಿಂತಿತು. ನನ್ನ ಬಾಗಿಲಿಗೆ ಏನೋ ಧಡ್ ಎಂದು ಬಡಿಯಿತು. ಧೂಳು ಇಳಿಯುವವರೆಗೆ ನನಗೆ ನನ್ನ ಉಸಿರು ಬಿಟ್ಟರೆ ಬೇರೇನೂ ಕೇಳಲಿಲ್ಲ. ಆಮೇಲೆ ಕೆಳಗಿನಿಂದ ಅಣ್ಣನ ದನಿ ಬಂತು: "ಅಮ್ಮಾ, ಕೊಂಬು ಮುರೀತು."

ಸೊಂಟಕ್ಕೆ ಪೆಟ್ಟಾಗಿತ್ತು, ಮೊಣಕೈ ತರಚಿತ್ತು. ಅಷ್ಟೇ. ಮರದ ಕೆಳಗಿನಿಂದ ಓಡಿಬಂದ ಅಮ್ಮನ ಫ್ಲಾಸ್ಕ್ ಎಲ್ಲೋ ಬಿದ್ದುಹೋಗಿತ್ತು.

"ಎಲ್ಲಿಂದ ಬಂದು ಬಿದ್ದೆಯೋ?" ಅಪ್ಪನ ಮುಖ ಸುಣ್ಣದಂತಾಗಿತ್ತು. "ಅಷ್ಟು ಹತ್ತಿರ ಬಂದು ಹಾರೋದಾ?"

"ತಪ್ಪಾಯ್ತಪ್ಪ. ನಾನೇ ಜಾಸ್ತಿ ಹತ್ತಿರ ಬಂದೆ ಅನ್ಸುತ್ತೆ."

ಅವನು ಹತ್ತಿರ ಬಂದಿರಲಿಲ್ಲ. ಹನ್ನೆರಡು ಮಾರು ದೂರದಿಂದ ಓಡಿಬಂದಿದ್ದ. ಅಪ್ಪ ನನ್ನ ಕಡೆ ತಿರುಗಿದರು.

"ನೀನು ಯಾಕೆ ಬ್ರೇಕ್ ಎಳೆದೆ? ಮರಳಲ್ಲಿ ಹೀಗೆ ಎಳೆದ್ರೆ ಗಾಡಿ ಪಲ್ಟಿ ಹೊಡೆಯುತ್ತೆ, ಗೊತ್ತಾ?"

ವಾಪಸು ಬರುವಾಗಲೂ ಓಡಿಸಿದ್ದು ಅವರೇ. ಬೇರೆ ಯಾರಿಗೂ ಬರುತ್ತಿರಲಿಲ್ಲ. ನಾನು ಎಡಗಡೆಯ ಸೀಟಿನಲ್ಲಿ ಕೂತು ಮೆಲ್ಲಗೆ ಹೇಳುತ್ತ ಬಂದೆ. ಎಡಗಡೆ ಸೈಕಲ್ಲು. ಎಡಗಡೆ ಹಾಲಿನವನು. ಎಡಗಡೆ ಇಬ್ಬರು ಹೆಂಗಸರು ರಸ್ತೆ ದಾಟ್ತಾರೆ.

"ಏನು ಒಂದೇ ಸಮ ಒದರ್ತಿದೀಯ? ಕಾಣುತ್ತೆ ನನಗೆ," ಅಂದರು ಅಪ್ಪ. ಆದರೆ ನಾನು ಹೇಳಿದ ಪ್ರತಿ ಸಲವೂ ಕಾಲು ಬ್ರೇಕಿನ ಮೇಲೆ ಹೋಗುತ್ತಿತ್ತು.

ಆ ಸಂಜೆ ಅಮ್ಮ ಮೊಟ್ಟೆ ಬೇಯಿಸಿ ಬೇಳೆಗೆ ಹಾಕಿದ್ದಳು. ಅಪ್ಪ ಜೀಪು ಬಾಡಿಗೆಯ ಅರ್ಜಿಯನ್ನು ನಕ್ಷೆಯ ಮೇಲಿಟ್ಟುಕೊಂಡು ತುಂಬುತ್ತಿದ್ದರು. ಮರುದಿನ ಅಣ್ಣ ಅದನ್ನು ಅಂಗಡಿಯಿಂದ ಕಳಿಸಬೇಕಿತ್ತು.

"ಎರಡನೇ ಚಾಲಕರ ಹೆಸರು," ಅಪ್ಪ ಓದಿದರು. "ಇಲ್ಲ ಅಂತ ಬರೀತೀನಿ. ಮೂವತ್ತೊಂದು ವರ್ಷದ ಡ್ರೈವರಿಗೆ ಎರಡನೆಯವನು ಯಾಕೆ?"

"ಈ ವರ್ಷ ಬೇಡ ಅಂದ್ರೆ," ಅಮ್ಮ ಅಂದಳು. "ಅವನ ಸೊಂಟ ನೋಡಿ."

"ಅವನ ಸೊಂಟಕ್ಕೂ ಆನೆಗೂ ಏನೇ ಸಂಬಂಧ? ಮೊದಲನೇ ದಿನದಿಂದ ನಿನ್ನದು ಇದೇ ಅಪಸ್ವರ. ಜೀವಮಾನದಲ್ಲಿ ಒಂದು ಸಲ ನನ್ನ ಇಷ್ಟದ ದಾರೀಲಿ ಓಡಿಸ್ತೀನಿ ಅಂದ್ರೆ ನಿನಗೆ ಮಂಡಿ ನೋವು."

"ಹೌದು, ನೋವು."

"ಹಾಗಾದ್ರೆ ನೀನು ಉಳ್ಕೋ."

ಅಮ್ಮ ಸೌಟನ್ನು ಪಾತ್ರೆಗೆ ಜೋರಾಗಿ ಹಾಕಿದಳು. ಅಪ್ಪ ಪೆನ್ನಿನ ಮುಚ್ಚಳ ತೆಗೆದರು. ನನ್ನ ಕಿವಿಯಲ್ಲಿ ಆ ಬಾಗಿಲಿನ ಧಡ್ ಸದ್ದು ಇನ್ನೂ ಇತ್ತು. ಮರುದಿನ ಬೆಳಿಗ್ಗೆ ಆರಕ್ಕೆ ಬಸ್ಸು.

"ಅಪ್ಪ," ಅಂದೆ. ಯಾರಿಗೂ ಕೇಳಿಸಲಿಲ್ಲ.

"ಯಾರೋ ಕರೀತಿದಾರೆ ಕಣೋ," ಅಜ್ಜಿ ಮಂಚದಿಂದ ಹೇಳಿದಳು.

"ಅಪ್ಪ, ಒಂದು ಆಟ. ಪ್ರಾಣಿ ಬರೋ ಆಟ." ಯಂತ್ರದ ಮೇಲಿದ್ದ ಬಿಳಿ ದಾರದ ಉಂಡೆ ತೆಗೆದುಕೊಂಡೆ. "ನಕ್ಷೆ ಮೇಲೆ ಈ ಹೊಂಡ ಇದೆಯಲ್ಲ, ಇದನ್ನೇ ನೋಡ್ತಾ ಇರಬೇಕು. ಕಣ್ಣು ಸರಿಸಬಾರದು. ನಾನು ಪಕ್ಕದಿಂದ ಇದನ್ನ ತರ್ತೀನಿ. ಕಂಡ ಕೂಡಲೇ ನಿಲ್ಲು ಅನ್ನಬೇಕು. ಮೊದಲು ಅಣ್ಣ."

ಅಣ್ಣ ಹೊಂಡ ನೋಡುತ್ತ ಕೂತ. ಉಂಡೆ ಅವನ ಕಿವಿಯ ಹತ್ತಿರ ಬರುವಾಗಲೇ "ನಿಲ್ಲು" ಅಂದ.

"ಈಗ ನೀವು."

"ಮಕ್ಕಳಾಟ," ಎಂದು ಅಪ್ಪ ಪೆನ್ನು ಕೆಳಗಿಟ್ಟರು. ನಕ್ಷೆಯ ಕಡೆ ಬಾಗಿ ಹೊಂಡವನ್ನು ನೋಡಿದರು. ಅಮ್ಮ, "ಬೇಡ," ಅಂದಳು. ನನಗೆ ಅಂದಳೋ ಯಾರಿಗೋ.

ನಾನು ಅವರ ಎಡ ಭುಜದ ಹಿಂದಿನಿಂದ ಉಂಡೆಯನ್ನು ಮೆಲ್ಲಗೆ ಮುಂದಕ್ಕೆ ತಂದೆ. ಕಿವಿ ದಾಟಿತು. ಕೆನ್ನೆ ದಾಟಿತು.

"ಬಂತಾ?" ಅಜ್ಜಿ ಕೇಳಿದಳು.

"ಇಲ್ಲ," ಅಂದರು ಅಪ್ಪ.

ಮುಂದಕ್ಕೆ ತಂದೆ. ಅಣ್ಣನ ಬಾಯಿ ತೆರೆದುಕೊಂಡಿತು. ಅವನ ಕೈ ತಾನಾಗಿ ಸೊಂಟದ ಪೆಟ್ಟಿನ ಮೇಲೆ ಹೋಯಿತು. ಉಂಡೆ ಹುಬ್ಬಿನ ಅಂಚಿಗೆ ಬಂತು. ನಕ್ಷೆಯ ಬಿಳಿಯ ಮೇಲೆ ಅದರ ನೆರಳು ಬಿತ್ತು.

"ಬಂತಾ?"

"ಇಲ್ಲಮ್ಮ. ಇವಳು ತಂದರೆ ತಾನೆ."

ಅದು ಅವರ ಮೂಗಿಗೆ ನಾಲ್ಕು ಬೆರಳು ಈಚೆ ಬಂದಾಗ ಅಪ್ಪ, "ನಿಲ್ಲು," ಅಂದರು. ಪಾಸಾದವರಂತೆ ನಕ್ಕರು. "ಸರಿಯಾಗಿ ಹಿಡಿದೆ ತಾನೆ?"

ಅಪ್ಪ ನನ್ನ ಕೈಯನ್ನು ನೋಡಿದರು. ಅದು ಎಲ್ಲಿದೆ ಎಂದು ನೋಡಿದರು. ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದು ಆಮೇಲೆ ಹೋಯಿತು.

"ಬಲಗಡೆ ತಾ," ಅಂದರು.

ಬಲಗಡೆ ಕಣ್ಣಿನ ಅಂಚಿನ ನೇರಕ್ಕೆ ಬಂದ ಮೇಲೆ ಕಂಡಿತು. ಅದೂ ಅಣ್ಣನಿಗೆ ಕಂಡಲ್ಲಿ ಅಲ್ಲ.

ಅಪ್ಪ ಅಮ್ಮನ ಕಡೆ ಪೂರ್ತಿ ಮುಖ ತಿರುಗಿಸಿದರು. "ನಿನಗೆ ಗೊತ್ತಿತ್ತಾ?"

"ಊಟ ಆರಿಹೋಗ್ತಿದೆ," ಅಂದಳು ಅಮ್ಮ.

"ನನ್ನ ಕಡೆಯಿಂದ ಬಂದದ್ದು ಕಣೋ," ಅಜ್ಜಿ ಹೇಳಿದಳು. "ಒಡವೆ ವಸ್ತ್ರ ಏನೂ ಕೊಡಲಿಲ್ಲ, ಇದನ್ನ ಕೊಟ್ಟೆ."

ತುಂಬ ಹೊತ್ತು ಅಪ್ಪ ನಕ್ಷೆಯ ಅಂಚನ್ನು ಉಗುರಿನಿಂದ ತೀಡುತ್ತಿದ್ದರು. ಆಮೇಲೆ, "ಐದು ದಿನ," ಅಂದರು. "ಮಾರ್ಕೆಟ್ ಸ್ಟಾಪು. ಅಷ್ಟು ದೊಡ್ಡ ಚಪ್ಪರ. ಯಾರೂ ಹೇಳಲಿಲ್ಲ ಅಂತ ಕಂಡಕ್ಟರಿಗೆ ಬೈದೆ." ಅಣ್ಣನ ಕಡೆ ನೋಡಿದರು. "ನೀನು ಎಷ್ಟು ದೂರದಿಂದ ಓಡಿಬಂದೆ?"

ಅಣ್ಣ ಸುಳ್ಳು ಹೇಳಲು ಬಾಯಿ ತೆರೆದ. ಹೇಳಲಾಗಲಿಲ್ಲ. "ಹನ್ನೆರಡು ಮಾರು ಇತ್ತಪ್ಪ."

ಅಪ್ಪ ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಲೋಟಕ್ಕೆ ಕೈ ಚಾಚಿದರು. ಮೇಜಿನ ಮೇಲೆ ಅವರ ಬೆರಳು ತಡಕಾಡುವ ಸದ್ದನ್ನು ಈ ಸಲ ನಾವೆಲ್ಲರೂ ಕೇಳಿಸಿಕೊಂಡೆವು.

ಬೆಳಿಗ್ಗೆ ಐದೂಕಾಲಿಗೆ ಅವರು ಯೂನಿಫಾರ್ಮ್ ಹಾಕಿಕೊಂಡು ನನ್ನ ಯಂತ್ರದ ಪಕ್ಕ ಬಂದು ನಿಂತರು. ಇಸ್ತ್ರಿ ಮಾಡಿದ ಅಂಗಿ, ಎದೆಯ ಮೇಲೆ ನಂಬರಿನ ಬಿಲ್ಲೆ.

"ಅಪ್ಪ, ಬಸ್ಸಿಗೆ..."

"ಬಸ್ಸಿಗಲ್ಲ. ಡಿಪೋ ಸಾಹೇಬರಿಗೆ ಹೇಳೋಕೆ. ಬೇರೆಯವನನ್ನ ಹಾಕಬೇಕಲ್ಲ, ಬೇಗ ಹೇಳಿದ್ರೆ ಒಳ್ಳೇದು." ಬಿಲ್ಲೆಯನ್ನು ನೇರ ಮಾಡಿಕೊಂಡು, "ನೀನೂ ಬಾ," ಅಂದರು.

ಅಮ್ಮ ಡಬ್ಬಿ ಕಟ್ಟಿ ಕೊಟ್ಟಳು, ಎಂದಿನಂತೆ. ಮಧ್ಯಾಹ್ನದ ಊಟಕ್ಕೆ ಮನೆಗೇ ಬರುತ್ತಾರೆಂದು ಅವಳಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು ತೆಗೆದುಕೊಂಡರು.

ಬೀದಿಯಲ್ಲಿ ಇನ್ನೂ ಮಸಕು ಬೆಳಕು. ನಾನು ಅಪ್ಪನ ಎಡಗಡೆ ನಡೆದೆ. ಮೂಲೆಯ ಅಂಗಡಿ ಬಂತು. ಅಲ್ಲಿ ರಸ್ತೆ ದಾಟುವ ಮೊದಲು ಅವರು ನಿಂತರು.

"ಎಡಗಡೆ ಏನಿದೆ?"

"ಬ್ರೆಡ್ಡಿನ ಗಾಡಿ, ನಿಂತಿದೆ. ಒಂದು ನಾಯಿ ಮಲಗಿದೆ. ಒಬ್ಬರು ಕಸ ಗುಡಿಸ್ತಿದಾರೆ."

"ಇಷ್ಟೆಲ್ಲ ಇದೆಯಾ," ಅಂದರು.

ಡಿಪೋದ ಗೇಟಿನಲ್ಲಿ ಬಸ್ಸುಗಳು ಒಂದರ ಹಿಂದೊಂದು ಹೊರಡುತ್ತಿದ್ದವು. ಹೊಗೆ, ಹಾರ್ನು, ಹಸಿ ಡೀಸೆಲ್ಲಿನ ವಾಸನೆ. ಮೂವತ್ತೊಂದು ವರ್ಷ ತಲೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದ ಗೇಟು. ಅಪ್ಪ ಡಬ್ಬಿಯನ್ನು ಇನ್ನೊಂದು ಕೈಗೆ ಬದಲಾಯಿಸಿ ಹೆಜ್ಜೆ ಮುಂದಿಟ್ಟರು. ಎಡಗಡೆಯಿಂದ ಒಂದು ಬಸ್ಸು ದೀಪ ಹಚ್ಚಿಕೊಂಡು ಬರುತ್ತಿತ್ತು. ಅವರು ನೇರ ಮುಂದೆ, ಸಾಹೇಬರ ಕೋಣೆಯ ಬಾಗಿಲನ್ನು ನೋಡುತ್ತಿದ್ದರು.

"ಅಪ್ಪ, ನಿಲ್ಲಿ." ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಗೇಟಿನ ಕಾವಲುಗಾರ ತಿರುಗಿ ನೋಡಿದ.

ಅಪ್ಪ ನಿಂತರು. ಬಸ್ಸಿನ ಗಾಳಿ ಅವರ ಅಂಗಿಯನ್ನು ಅಲುಗಿಸಿಕೊಂಡು ಹೋಯಿತು. ಅವರು ಅದರ ಹಿಂಭಾಗವನ್ನು ನೋಡುತ್ತ ನನ್ನ ಮಣಿಕಟ್ಟು ಹುಡುಕಿ ಹಿಡಿದುಕೊಂಡರು.

"ಈಗ?"

"ಈಗ ಏನೂ ಇಲ್ಲ. ಬನ್ನಿ."